ಹ್ಯಾಂಬರ್ಗಿನ ಸೇವಾವ್ರತೆ

ದಾನದ ವಿಷಯದಲ್ಲಿ ನಮ್ಮ ಹಿರಿಯರು ಮೂರು ಸಂಗತಿಗಳನ್ನು ಬಹಳವಾಗಿ ವಿಚಾರಮಾಡಿದ್ದಾರೆ: ದೇಶ, ಕಾಲ, ಪಾತ್ರ. ಎಲ್ಲಿ ಕೊಡಬೇಕು, ಯಾವಾಗ ಕೊಡಬೇಕು, ಯಾರಿಗೆ ಕೊಡಬೇಕು ಎಂಬುದು ಇದರ ತಾತ್ಪರ್ಯ. ಆದರೆ ಕೊಡತಕ್ಕ ವಸ್ತು ಯಾವುದೆಂಬ ನಾಲ್ಕನೆಯ ಪ್ರಶ್ನೆಯೂ ಒಂದುಂಟು. ಹಣವುಳ್ಳವರು ಹಣವನ್ನು ಕೊಡುವರು. ಧಾನ್ಯವುಳ್ಳವರು ಧಾನ್ಯವನ್ನು ಅಳೆದುಹಾಕುವರು. ತಮ್ಮ ಹೊತ್ತನ್ನೂ ಮೈಯ ದಣಿವನ್ನೂ ಕೊಡುವವರು ವಿರಳ. ಒಮ್ಮೆ ಕೊಟ್ಟು ಕೈತೊಳೆದುಕೊಳ್ಳುವುದು ಸುಲಭ. ಮುಂದಿನ ವಾರವೂ ಅದೇ ಬಾಗಿಲಿಗೆ ಹೋಗಿ, ರೋಗಿಯ ಪಕ್ಕದಲ್ಲಿ ಕುಳಿತು, ಯೋಗಕ್ಷೇಮವನ್ನು ಕೇಳುವುದು ಕಷ್ಟ. ಈ ಕಷ್ಟವಾದ ದಾನವನ್ನು ತಾನು ಆಚರಿಸಿ, ಸಂಸಾರವಂತ ಸ್ತ್ರೀಯರಿಗೂ ಅಭ್ಯಾಸಮಾಡಿಸಿದ ಒಬ್ಬ ಮಹಿಳೆಯ ಚರಿತ್ರೆಯನ್ನು ಈ ಸಾರಿ ನಮ್ಮ ವಾಚಕರ ಮುಂದಿಡುತ್ತೇವೆ.

ಆಕೆಯ ಹೆಸರು ಅಮಾಲಿಯೆ ಸೀವೆಕಿಂಗ್. ಜರ್ಮನಿಯ ಹ್ಯಾಂಬರ್ಗ್ ಪಟ್ಟಣದವಳು. ಲೂಥರನ ಮತವನ್ನು ಅನುಸರಿಸಿದ ಕ್ರೈಸ್ತಸಭೆಗೆ ಸೇರಿದವಳು. ಆಕೆ ಉಪದೇಶಿಯಲ್ಲ, ಸಂನ್ಯಾಸಿನಿಯಲ್ಲ, ಸಂಬಳದ ಅಧಿಕಾರಿಣಿಯೂ ಅಲ್ಲ. ಬಾಳಿನುದ್ದಕ್ಕೂ ಸಭೆಯ ಸಾಮಾನ್ಯ ಸದಸ್ಯಳಾಗಿಯೇ ಇದ್ದು, ಸ್ವಂತ ಇಚ್ಛೆಯಿಂದ ಸೇವೆಮಾಡಿದವಳು.

ಈ ಮತದ ತತ್ತ್ವವನ್ನು ಸ್ವಲ್ಪ ತಿಳಿಯದೆ ಆಕೆಯ ಬಾಳನ್ನು ತಿಳಿಯುವುದು ಸಾಧ್ಯವಲ್ಲ. ಮಾರ್ಟಿನ್ ಲೂಥರನು 1517ರಲ್ಲಿ ವಿಟನ್‌ಬರ್ಗಿನಲ್ಲಿ ರೋಮಿನ ಸಭೆಯ ಕೆಲವು ಆಚರಣೆಗಳನ್ನು ಪ್ರತಿಭಟಿಸಿ ಹೊರಟನು. ಮನುಷ್ಯನಿಗೆ ಮುಕ್ತಿಯು ದೈವಕೃಪೆಯಿಂದ, ಆ ಕೃಪೆಯಲ್ಲಿಟ್ಟ ವಿಶ್ವಾಸದಿಂದ ದೊರೆಯುವುದೇ ಹೊರತು ಪುಣ್ಯಕಾರ್ಯಗಳ ಬೆಲೆ ತೆತ್ತು ಕೊಳ್ಳುವಂಥದಲ್ಲ ಎಂಬುದು ಆತನ ಸಿದ್ಧಾಂತ. ಹಾಗಾದರೆ ಒಳ್ಳೆಯ ಕೆಲಸವನ್ನು ಏಕೆ ಮಾಡಬೇಕೆಂದು ಯಾರಾದರೂ ಕೇಳಬಹುದು. ಕ್ರೈಸ್ತನ ಸ್ವಾತಂತ್ರ್ಯವನ್ನು ಕುರಿತು 1520ರಲ್ಲಿ ಬರೆದ ಗ್ರಂಥದಲ್ಲಿ ಆತನು ಇದಕ್ಕೆ ಸಮಾಧಾನ ಹೇಳಿದ್ದಾನೆ. ತನಗೆ ಬೇಕಾದುದು ಆಗಲೇ ದೊರೆತಿರುವುದರಿಂದ ವಿಶ್ವಾಸಿಯು ತನಗಾಗಿ ಏನನ್ನೂ ಗಳಿಸಬೇಕಾಗಿಲ್ಲ. ಆದಕಾರಣ ಅವನ ಕೆಲಸವೆಲ್ಲ ನೆರೆಯವನಿಗಾಗಿ ಎಂಬುದು ಅದರ ಸಾರ. ಗೀತೆಯ ನಿಷ್ಕಾಮಕರ್ಮವನ್ನು ಓದಿ ಬೆಳೆದ ನಮಗೆ ಈ ಮಾತು ತೀರ ಅಪರಿಚಿತವೆನಿಸದು. ಎರಡರ ತತ್ತ್ವಭಿತ್ತಿ ಬೇರೆ. ಫಲದ ಲೆಕ್ಕವಿಡದೆ ದುಡಿಯಬೇಕೆಂಬುದು ಎರಡಕ್ಕೂ ಸಮಾನ.

ಆದರೆ ಸ್ತ್ರೀಯರ ಪಾಲಿಗೆ ಒಂದು ಕೊರತೆ ಉಳಿದಿತ್ತು. ಲೂಥರನು ಮಠಜೀವನವನ್ನು ನಿರಾಕರಿಸಿದನು. ಅಂದಮೇಲೆ ರೋಮಿನ ಸಭೆಯ ನಾಡುಗಳಲ್ಲಿ ರೋಗಿಗಳ ಶುಶ್ರೂಷೆ ಮಾಡುತ್ತಿದ್ದ ಸಂನ್ಯಾಸಿನಿಯರಂಥವರು ಲೂಥರನ ಮತದವರಲ್ಲಿ ಇಲ್ಲವಾದರು. ಒಳ್ಳೆಯ ಮನೆತನದ ಹೆಣ್ಣುಮಗಳು ವಿವಾಹವಾದರೆ ಗೃಹಿಣಿ. ಇಲ್ಲವಾದರೆ ಬಂಧುಗಳ ಮನೆಯ ಮೂಲೆಯೇ ಗತಿ. ಅಮಾಲಿಯೆಯ ಬದುಕು ಈ ಕೊರತೆಗೆ ಕಂಡುಕೊಂಡ ಒಂದು ಉತ್ತರವಾಗಿದೆ.

ಆಕೆ ಹುಟ್ಟಿದ್ದು 1794ನೆಯ ಜುಲೈ 25ರಂದು. ತಂದೆ ವರ್ತಕ, ಪಟ್ಟಣದ ಆಡಳಿತಸಭೆಯಲ್ಲಿಯೂ ಸ್ಥಾನವಿದ್ದವನು. ಐದು ವರ್ಷ ತುಂಬುವ ಹೊತ್ತಿಗೆ ತಾಯಿ ತೀರಿಕೊಂಡಳು. 1809ರಲ್ಲಿ ತಂದೆಯೂ ಹೋದನು. ಒಡಹುಟ್ಟಿದವರು ಬೇರೆಬೇರೆ ಮನೆಗಳಿಗೆ ಹಂಚಿಹೋದರು. ಬಂಧುವಾದ ವಿಧವೆಯೊಬ್ಬಳ ಆಶ್ರಯ ದೊರೆತು, ಅಮಾಲಿಯೆ ಆಕೆಯನ್ನು ತಾಯಿಯೆಂದೇ ಕರೆಯುತ್ತಿದ್ದಳು. ಇನ್ನೂ ಇಪ್ಪತ್ತು ತುಂಬುವ ಮೊದಲೇ ಕೆಲವು ಹುಡುಗಿಯರನ್ನು ಸೇರಿಸಿಕೊಂಡು ಪಾಠ ಹೇಳತೊಡಗಿದಳು. ಮುಂದೆ ಎಷ್ಟು ಕಾರ್ಯಭಾರ ಬಿದ್ದರೂ ಈ ಪಾಠವನ್ನು ಬಿಡಲಿಲ್ಲ. ಉಪಾಧ್ಯಾಯವೃತ್ತಿಯಲ್ಲಿ ಕೂದಲು ನರೆಸಿಕೊಂಡ ನಮಗೆ ಈ ಒಂದು ಅಂಶವೇ ಆಕೆಯಲ್ಲಿ ಗೌರವವನ್ನು ಹುಟ್ಟಿಸಲು ಸಾಕು.

1817ರಲ್ಲಿ, ದೇವತಾಶಾಸ್ತ್ರವನ್ನು ಓದುತ್ತಿದ್ದ ಪ್ರೀತಿಯ ಸಹೋದರನು ಮೃತನಾದನು. ಆ ದುಃಖದಲ್ಲಿ ಆಕೆ ಥಾಮಸ್ ಅ ಕೆಂಪಿಸನ ಭಕ್ತಿಗ್ರಂಥವನ್ನೂ ಬೈಬಲನ್ನೂ ಹೊಸ ಕಣ್ಣಿನಿಂದ ಓದಿದಳು. ಬಾಲ್ಯದಲ್ಲಿ ಕೇಳಿದ್ದ ಧರ್ಮ ನೀತಿಪಾಠದಂತೆ ಒಣಗಿತ್ತು. ಈಗ ಅದು ಹೃದಯಕ್ಕೆ ಇಳಿಯಿತು. ಗೃಹಿಣಿಯಾಗುವ ಭಾಗ್ಯ ತನಗಿಲ್ಲದಿದ್ದರೆ ಪರಸೇವೆಗೆ ಮುಡಿಪಾದ ಸ್ತ್ರೀಯರ ಒಂದು ಸಂಘವನ್ನು ಸ್ಥಾಪಿಸಬೇಕೆಂಬ ಹಂಬಲ ಅಂದಿನಿಂದ ಆಕೆಯ ಮನಸ್ಸಿನಲ್ಲಿ ಬೆಳೆಯಿತು.

ಪರೀಕ್ಷೆಯ ಕಾಲ 1831ರಲ್ಲಿ ಬಂತು. 1817ರಲ್ಲಿ ನಮ್ಮ ಬಂಗಾಳದಲ್ಲಿ ಭಯಂಕರವಾಗಿ ತಲೆದೋರಿದ್ದ ಕಾಲರಾ ಜಾಡ್ಯವು ದೇಶದಿಂದ ದೇಶಕ್ಕೆ ಹರಡುತ್ತ ಯೂರೋಪನ್ನು ಹೊಕ್ಕು, ಆ ವರ್ಷದ ಅಕ್ಟೋಬರಿನಲ್ಲಿ ಹ್ಯಾಂಬರ್ಗನ್ನು ಮುಟ್ಟಿತು. ಈ ರೋಗಕ್ಕೆ ಕುಡಿಯುವ ನೀರಿನ ಮಾಲಿನ್ಯವೇ ಮುಖ್ಯ ಕಾರಣವೆಂದು ಆಗ ವೈದ್ಯರಿಗೂ ಗೊತ್ತಿರಲಿಲ್ಲ. ರಾಬರ್ಟ್ ಕಾಖನು ಕಲ್ಕತ್ತೆಯಲ್ಲಿ ಸಂಶೋಧನೆಮಾಡಿ ರೋಗಾಣುವನ್ನು ನಿಶ್ಚಯಪಡಿಸಿದ್ದು 1884ರಲ್ಲಿ. ಹೊಸ ರೋಗಕ್ಕೆ ಜನ ಎಷ್ಟು ಹೆದರುವರೆಂಬುದನ್ನು ನಾವೂ 2020ನೆಯ ವರ್ಷದಲ್ಲಿ ಕಂಡಿದ್ದೇವೆ.

ಅಮಾಲಿಯೆ ತಾನು ಕಾಲರಾ ಆಸ್ಪತ್ರೆಯಲ್ಲಿ ಸೇವೆಮಾಡಲು ಸಿದ್ಧಳೆಂದು ತಿಳಿಸಿದಳು. ತನ್ನೊಡನೆ ಬರಬೇಕೆಂದು ಇತರ ಸ್ತ್ರೀಯರಿಗೆ ಪತ್ರಿಕೆಯ ಮೂಲಕ ಕರೆಯನ್ನೂ ಕೊಟ್ಟಳು. ಒಬ್ಬಳೂ ಬರಲಿಲ್ಲ. ಆ ಕಾಲದಲ್ಲಿ ಆಸ್ಪತ್ರೆಯ ಚಾಕರಿ ಗೌರವಸ್ಥರ ಕೆಲಸವೆನಿಸಿರಲಿಲ್ಲ. ಇವಳು ಹೆಸರಿಗಾಗಿ ಹೀಗೆ ಮಾಡುತ್ತಾಳೆಂದು ಪಟ್ಟಣದಲ್ಲಿ ಆಡಿಕೊಂಡವರೂ ಉಂಟು. ಆಕೆ ಒಬ್ಬಳೇ ಹೋದಳು. ಮೊದಮೊದಲು ಸಂಕೋಚಪಟ್ಟ ವೈದ್ಯರು ಬೇಗನೆ ಆಕೆಯ ಯೋಗ್ಯತೆಯನ್ನು ಕಂಡುಕೊಂಡು ಶುಶ್ರೂಷೆಯವರೆಲ್ಲರ ಮೇಲ್ವಿಚಾರಣೆಯನ್ನು ಆಕೆಗೇ ಒಪ್ಪಿಸಿದರು. ಸುಮಾರು ಎಂಟು ವಾರ ಕಾಲ ಆಕೆ ಅಲ್ಲಿಯೇ ಇದ್ದು, ರೋಗದ ಹಾವಳಿ ಇಳಿದಮೇಲೆ ಮನೆಗೆ ಹಿಂದಿರುಗಿದಳು.

ಹೀಗೆ ಒಬ್ಬಂಟಿಗಳಾಗಿ ದುಡಿದವಳು 1832ರ ಮೇ ತಿಂಗಳಲ್ಲಿ ಬಡವರ ಮತ್ತು ರೋಗಿಗಳ ಆರೈಕೆಗಾಗಿ ಸ್ತ್ರೀಯರ ಸಂಘವೊಂದನ್ನು ಸ್ಥಾಪಿಸಿದಳು. ಆರಂಭದಲ್ಲಿ ಸುಮಾರು ಹನ್ನೆರಡು ಮಂದಿ ಇದ್ದರು. ಮೊದಲು ಎಣಿಸಿದ್ದ ಸಂನ್ಯಾಸಿನೀಸಂಘದ ಕಲ್ಪನೆಯನ್ನು ಈಗ ಬದಲಾಯಿಸಿದ್ದಳು. ಇದರ ಸದಸ್ಯೆಯರು ಮನೆಮಠಗಳನ್ನು ಬಿಡಬೇಕಾಗಿರಲಿಲ್ಲ. ಗಂಡ, ಮಕ್ಕಳು, ಅಡಿಗೆ ಇವುಗಳ ಜವಾಬ್ದಾರಿಯನ್ನು ನಡೆಸಿಕೊಂಡೇ ವಾರದಲ್ಲಿ ಕೆಲವು ಹೊತ್ತನ್ನು ಬಡವರಿಗೆ ಮೀಸಲಿಡಬೇಕು; ಇಷ್ಟೇ ನಿಯಮ. ಗೃಹಸ್ಥಾಶ್ರಮದಲ್ಲಿದ್ದುಕೊಂಡೇ ಧರ್ಮವನ್ನು ನಡೆಸಬೇಕೆನ್ನುವ ನಮ್ಮವರಿಗೆ ಈ ಏರ್ಪಾಡು ಒಪ್ಪಿಗೆಯಾಗದೆ ಇರದು.

ಕೆಲಸದ ಕ್ರಮ ಹೀಗಿತ್ತು. ಬಡವರಿಗಾಗಿ ನೇಮಕವಾಗಿದ್ದ ವೈದ್ಯರು ರೋಗಿಗಳಿರುವ ಸಂಸಾರಗಳನ್ನು ಸೂಚಿಸುವರು. ಸದಸ್ಯೆಯರು ಆ ಮನೆಗಳಿಗೆ ತಾವೇ ನಡೆದುಹೋಗಿ, ಪಥ್ಯಪಾನ, ಮಕ್ಕಳ ಸ್ಥಿತಿ, ಮನೆಯ ಶುಚಿ ಎಲ್ಲವನ್ನೂ ನೋಡುವರು. ವಾರಕ್ಕೊಮ್ಮೆ ಎಲ್ಲರೂ ಕೂಡಿ ತಾವು ಕಂಡುದನ್ನು ಹೇಳಿ ಮುಂದಿನ ಉಪಾಯವನ್ನು ಆಲೋಚಿಸುವರು. ಕೈಗೆ ಕಾಸನ್ನು ಕೊಡುವುದಕ್ಕಿಂತ ಆಹಾರವನ್ನೂ ಬಟ್ಟೆಯನ್ನೂ, ಎಲ್ಲಕ್ಕಿಂತ ಹೆಚ್ಚಾಗಿ ದುಡಿಮೆಯನ್ನೂ ಒದಗಿಸಬೇಕೆಂಬುದು ಅಮಾಲಿಯೆಯ ಮತ. ಬೇಡಿ ತಿಂದ ಅನ್ನವು ಹೊಟ್ಟೆಯನ್ನು ತುಂಬಿಸಿದರೂ ಮನುಷ್ಯನನ್ನು ಕುಗ್ಗಿಸುವುದು. ದುಡಿದು ತಿಂದ ಅನ್ನವು ಅವನನ್ನು ನೆಟ್ಟಗೆ ನಿಲ್ಲಿಸುವುದು. 1840ರಲ್ಲಿ ಅಮಾಲಿಯೆಯ ಹೆಸರಿನಲ್ಲಿಯೇ ಒಂದು ಧರ್ಮಸಂಸ್ಥೆ ಏರ್ಪಟ್ಟು, ಅಗ್ಗದ ಬಾಡಿಗೆಯ ವಾಸದ ಮನೆಗಳೂ ಮಕ್ಕಳ ಚಿಕಿತ್ಸಾಲಯವೂ ಆದುವು. ಎರಡು ವರ್ಷಕ್ಕೆ, 1842ರ ಮೇ ತಿಂಗಳಲ್ಲಿ, ಹ್ಯಾಂಬರ್ಗಿನಲ್ಲಿ ಮಹಾ ಅಗ್ನಿ ಅನಾಹುತವಾಗಿ ಸುಮಾರು 20,000 ಜನ ಮನೆಯಿಲ್ಲದವರಾದರು. ಬಡವನಿಗೆ ಔಷಧದಷ್ಟೇ ಸೂರೂ ಅವಶ್ಯವೆಂಬ ಮಾತು ಆಗ ಎಲ್ಲರ ಕಣ್ಣಿಗೂ ಕಾಣುವಂತಾಯಿತು. ಸಂಘದ ವಾರ್ಷಿಕ ವರದಿಗಳನ್ನು ಓದಿ ಜರ್ಮನಿಯ ಇತರ ಪಟ್ಟಣಗಳಲ್ಲಿಯೂ ಇದೇ ಮಾದರಿಯ ಸಂಘಗಳು ಹುಟ್ಟಿದುವು.

ಆ ಕಾಲದಲ್ಲಿ ಜರ್ಮನ್ ನಾಡುಗಳಲ್ಲಿ ಎದ್ದ ಧರ್ಮಜಾಗೃತಿಯ ಅಲೆಯೊಂದು ಕನ್ನಡನಾಡನ್ನೂ ಮುಟ್ಟಿತೆಂಬುದನ್ನು ಇಲ್ಲಿ ನೆನೆಯಬಹುದು. ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದುದು 1834ರಲ್ಲಿ. 1894ರಲ್ಲಿ ಹೊರಬಂದ ನಿಘಂಟಿನಿಂದ ನಮ್ಮನ್ನೆಲ್ಲ ಋಣಿಗಳನ್ನಾಗಿ ಮಾಡಿದ ಕಿಟ್ಟೆಲರು ಉತ್ತರ ಜರ್ಮನಿಯ ಪಾದ್ರಿಯೊಬ್ಬರ ಮಗನಾಗಿ ಹುಟ್ಟಿದ್ದು, ಅಮಾಲಿಯೆಯ ಸಂಘ ಹುಟ್ಟಿದ 1832ರಲ್ಲಿಯೇ.

ಕೀರ್ತಿ ಬಂದಮೇಲೆ ಪದವಿಯೂ ಹುಡುಕಿಕೊಂಡು ಬಂತು. ಥಿಯೋಡೋರ್ ಫ್ಲೀಡ್ನರ್ ಎಂಬ ಪಾದ್ರಿ 1836ರಲ್ಲಿ ಕೈಸರ್ಸ್‌ವರ್ತ್ ಎಂಬಲ್ಲಿ ಸೇವಕಿಯರ ಶಿಕ್ಷಣಕ್ಕಾಗಿ ಒಂದು ಸಂಸ್ಥೆಯನ್ನು ಸ್ಥಾಪಿಸಿ, ಮುಖ್ಯಸ್ಥೆಯಾಗಿ ಬರಬೇಕೆಂದು ಅಮಾಲಿಯೆಯನ್ನು ಕೇಳಿಕೊಂಡನು. ಆಕೆ ಒಪ್ಪಲಿಲ್ಲ. ತನ್ನ ಬಡವರನ್ನೂ ಸಂಘವನ್ನೂ ಬಿಟ್ಟುಹೋಗುವುದು ಆಕೆಗೆ ಬೇಕಾಗಿರಲಿಲ್ಲ. ಆದರೆ ತನ್ನ ಶಿಷ್ಯೆಯಾಗಿದ್ದ ಕ್ಯಾರೊಲೀನ್ ಬೆರ್ಟೋ ಎಂಬಾಕೆಯ ಹೆಸರನ್ನು ಸೂಚಿಸಿದಳು. ಕ್ಯಾರೊಲೀನಳು 1843ರಲ್ಲಿ ಫ್ಲೀಡ್ನರನ ಎರಡನೆಯ ಪತ್ನಿಯಾಗಿ ಆ ಸಂಸ್ಥೆಯ ಭಾರವನ್ನು ಹೊತ್ತಳು. 1851ರಲ್ಲಿ ಫ್ಲಾರೆನ್ಸ್ ನೈಟಿಂಗೇಲಳು ಶುಶ್ರೂಷೆಯನ್ನು ಅಭ್ಯಾಸಮಾಡಲು ಬಂದುದು ಅಲ್ಲಿಗೇ. ಗುರುವಿನ ಫಲವು ಶಿಷ್ಯರಲ್ಲಿ ಕಾಣುವುದೆಂಬುದಕ್ಕೆ ಇದೊಂದು ನಿದರ್ಶನ.

ಗುಣವನ್ನು ಹೇಳಿದಮೇಲೆ ಮಿತಿಯನ್ನೂ ಹೇಳುವುದು ನ್ಯಾಯ. ಬಡವ ಬಲ್ಲಿದರೆಂಬ ಭೇದವು ದೇವರೇ ಮಾಡಿದ ವ್ಯವಸ್ಥೆಯೆಂದು ಆಕೆ ನಂಬಿದ್ದಳು. 1848ರ ಕ್ರಾಂತಿಯನ್ನು ಮೆಚ್ಚಲಿಲ್ಲ. ನೆರವು ಕೇಳಿದವರ ನಡತೆಯನ್ನೂ ದೈವಭಕ್ತಿಯನ್ನೂ ವಿಚಾರಿಸುವ ಪದ್ಧತಿಯಿತ್ತು. ಹಸಿದವನ ಮನೆಗೆ ಹೋಗಿ ಅವನ ನಡತೆಗೆ ಅಂಕ ಕೊಡುವುದು ಇಂದಿನ ನಮ್ಮ ಮನಸ್ಸಿಗೆ ಸರಿತೋರದು. ಬಡತನವು ಏಕೆ ಹುಟ್ಟುತ್ತದೆಂಬ ಪ್ರಶ್ನೆಯನ್ನು ಕೇಳದೆ ಬಡವನನ್ನು ಮಾತ್ರ ತಿದ್ದಹೊರಟರೆ ಕೆಲಸ ಅರ್ಧವಾಗುವುದು. ಆದರೆ ಕಾರಣವನ್ನು ಚರ್ಚಿಸುತ್ತ ಕುಳಿತವರು ಅನೇಕರಿರುವಾಗ ರೋಗಿಯ ಮನೆಯ ಮೆಟ್ಟಿಲನ್ನು ಹತ್ತಿದವಳು ಇವಳು. ಆ ಉಳಿದರ್ಧವನ್ನು ಪೂರ್ತಿಗೊಳಿಸುವುದು ಮುಂದಿನವರ ಹೊಣೆ.

ಅಮಾಲಿಯೆ 1859ನೆಯ ಏಪ್ರಿಲ್ 1ರಂದು ಹ್ಯಾಂಬರ್ಗಿನಲ್ಲಿ ಕಾಲವಾದಳು. ಆ ಪಟ್ಟಣದಲ್ಲಿ ಗತಿಯಿಲ್ಲದವರ ಶವಗಳನ್ನು ತೀರ ಸಾದಾ ಪೆಟ್ಟಿಗೆಯಲ್ಲಿಟ್ಟು ಧರ್ಮಾರ್ಥವಾಗಿ ಹೂಳುತ್ತಿದ್ದರು. ತಮಗೂ ಈ ಅವಮಾನ ಬಂದೀತೆಂದು ಬಡವರು ಅಂಜುತ್ತಿದ್ದರು. ಆದಕಾರಣ ತನ್ನನ್ನೂ ಅದೇ ರೀತಿಯಲ್ಲಿ ಹೂಳಬೇಕೆಂದು ಆಕೆ ಮೊದಲೇ ಕೇಳಿಕೊಂಡಿದ್ದಳು. ಆಡಳಿತಸಭೆಯವನ ಮಗಳಿಗಾದದ್ದು ತನಗಾದರೇನೆಂದು ಇನ್ನು ಮುಂದೆ ಯಾವ ಬಡವನೂ ಧೈರ್ಯವಾಗಿ ಹೇಳಬಹುದಾಗಿತ್ತು. ತನ್ನ ಮರಣವನ್ನೂ ದಾನಮಾಡಿದಳೆಂದರೆ ಅತಿಶಯವಾಗಲಾರದು. ಪಶ್ಚಿಮ ಜರ್ಮನಿಯವರು 1955ರಲ್ಲಿ ಆಕೆಯ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರಡಿಸಿದರು. ಆಕೆಯ ಹೆಸರಿನ ಧರ್ಮಸಂಸ್ಥೆಯೂ ಒಂದು ಆಸ್ಪತ್ರೆಯೂ ಇಂದಿಗೂ ಹ್ಯಾಂಬರ್ಗಿನಲ್ಲಿವೆ.

ಪರೋಪಕಾರ ಮಾಡಲು ಹೆಚ್ಚು ಹಣ ಬೇಕು, ಹೆಚ್ಚು ವಿರಾಮ ಬೇಕು, ಮನೆಯ ಜಂಜಾಟ ತೀರಬೇಕು ಎಂದು ನಾವೆಲ್ಲರೂ ಹೇಳಿಕೊಳ್ಳುವುದುಂಟು. ಜಂಜಾಟ ತೀರುವ ದಿನ ಬರುವುದಿಲ್ಲ. ನಮ್ಮ ಬೀದಿಯಲ್ಲಿಯೇ ಹಾಸಿಗೆ ಹಿಡಿದ ಮುದುಕರಿದ್ದಾರೆ. ಪುಸ್ತಕವಿದ್ದೂ ಹೇಳಿಕೊಡುವವರಿಲ್ಲದ ಮಕ್ಕಳಿದ್ದಾರೆ. ಆಸ್ಪತ್ರೆಯ ಬಾಗಿಲಲ್ಲಿ ಚೀಟಿಯನ್ನು ಓದಲಾರದೆ ನಿಂತ ಹಳ್ಳಿಗರಿದ್ದಾರೆ. ಇವರಿಗೆ ಬೇಕಾದುದು ವಾರಕ್ಕೆ ಒಂದೆರಡು ಗಂಟೆ. ಅದೂ ತಪ್ಪದೆ ಪ್ರತಿ ವಾರವೂ. ಯಾವ ದೇವರನ್ನು ಯಾವ ಹೆಸರಿನಿಂದ ಪೂಜಿಸುವ ಮನೆಯಾದರೂ ಆಗಲಿ, ಆ ಎರಡು ಗಂಟೆಯನ್ನು ಎತ್ತಿಡುವುದು ಅಸಾಧ್ಯವಲ್ಲ. ನಮ್ಮ ವಾಚಕರು ಈ ವಾರವೇ ಒಂದು ಬಾಗಿಲನ್ನು ಗೊತ್ತುಮಾಡಿಕೊಳ್ಳಲಿ. ಮುಂದಿನ ವಾರ ಅದೇ ಬಾಗಿಲಿಗೆ ಮತ್ತೆ ಹೋಗಲಿ.