ಒಂದು ಗುಟುಕು, ಒಂದು ನೋಟ

ಸಂತ ಅಗಸ್ಟೀನರು ಕ್ರಿ.ಶ. 400ರ ಆಸುಪಾಸಿನಲ್ಲಿ ಲ್ಯಾಟಿನ್ ಭಾಷೆಯಲ್ಲಿ ಬರೆದ ‘ಕನ್‌ಫೆಷನ್ಸ್’ ಎಂಬ ಆತ್ಮನಿವೇದನೆಯಲ್ಲಿ ಮಹಾಪಾತಕಗಳನ್ನು ಹುಡುಕಿದರೆ ನಿರಾಶೆಯೇ ಗತಿ. ಅಲ್ಲಿರುವುದು ಹಣ್ಣು ಕದ್ದ ಹುಡುಗ, ಗೆಳೆಯರ ಬಲವಂತಕ್ಕೆ ಮಣಿದ ವಿದ್ಯಾರ್ಥಿ, ಕದ್ದು ದ್ರಾಕ್ಷಾರಸ ಕುಡಿದ ಬಾಲಕಿ. ಆ ಬಾಲಕಿ ಬೇರೆ ಯಾರೂ ಅಲ್ಲ, ಅವರ ತಾಯಿ ಸಂತ ಮೋನಿಕಾ.

ಪೀಪಾಯಿಯಿಂದ ದ್ರಾಕ್ಷಾರಸ ತರುವ ಕೆಲಸವನ್ನು ಮನೆಯವರು ಮೋನಿಕಾಳಿಗೆ ವಹಿಸಿದ್ದರು. ಹುಡುಗಿ ಗುಣವಂತೆ ಎಂಬ ನಂಬಿಕೆ. ಹೂಜಿಗೆ ಸುರಿಯುವ ಮುನ್ನ ತುಟಿಗೆ ತಾಗುವಷ್ಟು ಹೀರಿದಳು. ರುಚಿಯ ಆಸೆಗಲ್ಲ, ಬರೀ ತುಂಟತನಕ್ಕೆ. ಮರುದಿನ ಇನ್ನೊಂದಿಷ್ಟು. ಹೀಗೇ ಬೆಳೆದು ಬಟ್ಟಲನ್ನೇ ಬರಿದು ಮಾಡುವಂತಾಯಿತು. ಊಟದ ಹೊತ್ತಿನ ಹೊರತು ನೀರು ಕುಡಿಯಲೂ ಬಿಡದಷ್ಟು ಕಟ್ಟುನಿಟ್ಟಿನ ಮುದಿ ದಾದಿ ಮನೆಯಲ್ಲಿದ್ದಳು. ಅವಳಿಗೆ ಇದರ ಸುಳಿವೇ ಹತ್ತಲಿಲ್ಲ. (ತಂದೆತಾಯಿಗಳು ಈ ಭಾಗವನ್ನು ಎರಡು ಸಲ ಓದುವುದು ಒಳಿತು.) ಕೊನೆಗೆ ಜೊತೆಗೆ ಹೋಗುತ್ತಿದ್ದ ಕೆಲಸದ ಹುಡುಗಿ ಒಂದು ಜಗಳದಲ್ಲಿ ‘ಕುಡುಕಿ’ ಎಂದು ಹಂಗಿಸಿದಳು. ತಿದ್ದಬೇಕೆಂದಲ್ಲ, ನೋಯಿಸಬೇಕೆಂದು. ಆ ಮಾತು ನಾಟಿತು. ಮೋನಿಕಾ ಅಂದೇ ಚಟ ಬಿಟ್ಟಳು.

ಅಗಸ್ಟೀನರ ಶಿಷ್ಯ ಹಾಗೂ ಗೆಳೆಯ ಅಲಿಪಿಯಸ್ ಕಾನೂನು ಓದಲು ರೋಮಿಗೆ ಹೋದವನು. ಮನುಷ್ಯರು ಹೊಡೆದಾಡಿ ಸಾಯುವ ಅಖಾಡದ ಆಟ ಅವನಿಗೆ ಅಸಹ್ಯ. ಒಂದು ದಿನ ಸಹಪಾಠಿಗಳು ಅವನನ್ನು ಸಲುಗೆಯಿಂದಲೇ ಎಳೆದೊಯ್ದರು. ದೇಹವನ್ನು ಎಳೆಯಬಹುದು, ಮನಸ್ಸನ್ನಲ್ಲ ಎಂದು ಬೀಗಿ ಕಣ್ಣು ಮುಚ್ಚಿ ಕುಳಿತ. ಕಿವಿ ಮುಚ್ಚಲಿಲ್ಲ. ಯಾರೋ ಕುಸಿದು ಬಿದ್ದಾಗ ಜನಸ್ತೋಮ ಒಮ್ಮೆಲೇ ಬೊಬ್ಬಿರಿಯಿತು. ಏನಾಯಿತೆಂದು ಕಣ್ಣು ತೆರೆದ. ಅಷ್ಟೇ. ಆಮೇಲೆ ತಾನೇ ಇತರರನ್ನು ಕರೆದುಕೊಂಡು ಹೋಗುವಷ್ಟು ಹುಚ್ಚು ಹಿಡಿಯಿತು. ಅಂಗೈಯಲ್ಲಿ ಮೊಬೈಲ್ ಹಿಡಿದ ಇಂದಿನ ವಿದ್ಯಾರ್ಥಿಗೆ ಈ ಕುತೂಹಲದ ಬಗ್ಗೆ ವಿವರಿಸಬೇಕಿಲ್ಲ.

ಅವನು ಸೋತದ್ದೇಕೆ? ಅಗಸ್ಟೀನರ ಉತ್ತರ ನೇರ: ದೇವರನ್ನು ನೆಚ್ಚುವ ಬದಲು ತನ್ನ ಬಲವನ್ನೇ ನೆಚ್ಚಿದ್ದಕ್ಕೆ. ಕ್ರೈಸ್ತರು ಹೇಳುವ ಪವಿತ್ರತೆಗೂ ಬರಿಯ ಛಲಕ್ಕೂ ಇರುವ ಅಂತರ ಇದೇ. ಯೇಸು ಕಲಿಸಿದ ಪ್ರಾರ್ಥನೆಯಲ್ಲಿ ದಿನದ ಅನ್ನವನ್ನು ಬೇಡುವಂತೆಯೇ ಶೋಧನೆಯಿಂದ ಕಾಪಾಡೆಂದೂ ಬೇಡಲಾಗುತ್ತದೆ.

ಹದಿನಾರರ ಹರೆಯದಲ್ಲಿ ಅಗಸ್ಟೀನರೇ ಗೆಳೆಯರೊಡನೆ ನೆರೆಯವರ ಮರಸೇಬು ಕದ್ದು, ಹೆಚ್ಚಿನದನ್ನು ಹಂದಿಗಳಿಗೆ ಎಸೆದಿದ್ದರು. ಮನೆಯಲ್ಲಿ ಇನ್ನೂ ಒಳ್ಳೆಯ ಹಣ್ಣಿತ್ತು. ಒಬ್ಬನೇ ಆಗಿದ್ದರೆ ಕದಿಯುತ್ತಿರಲಿಲ್ಲ ಎಂದು ಅವರೇ ಬರೆಯುತ್ತಾರೆ.

387ರಲ್ಲಿ ಮಿಲಾನಿನಲ್ಲಿ ಗುರು, ಶಿಷ್ಯ ಇಬ್ಬರೂ ಜ್ಞಾನಸ್ನಾನ ಪಡೆದರು. ಮುಂದೆ ಇಬ್ಬರೂ ಉತ್ತರ ಆಫ್ರಿಕಾದಲ್ಲಿ ಧರ್ಮಾಧ್ಯಕ್ಷರಾದರು. ಹಾಗೆಂದು ಹೋರಾಟ ಮುಗಿಯಲಿಲ್ಲ. ಪುಸ್ತಕದ ಹತ್ತನೆಯ ಭಾಗದಲ್ಲಿ ಅಗಸ್ಟೀನರು ಧರ್ಮಾಧ್ಯಕ್ಷರಾಗಿಯೂ ತಮ್ಮನ್ನು ಕಾಡುವವುಗಳನ್ನು ಹೇಳಿಕೊಳ್ಳುತ್ತಾರೆ. ಊಟದಲ್ಲಿ ಹಸಿವು ಎಲ್ಲಿ ಮುಗಿದು ಆಸೆ ಎಲ್ಲಿ ಶುರುವಾಯಿತೋ ತಿಳಿಯದು. ಜನ ಹೊಗಳಿದರೆ ಹಿತವೆನಿಸುತ್ತದೆ. ದಾರಿಯಲ್ಲಿ ನಾಯಿ ಮೊಲವನ್ನು ಅಟ್ಟಿದರೆ ಧ್ಯಾನ ಅತ್ತ ಓಡುತ್ತದೆ. ಮನೆಯಲ್ಲಿ ಕುಳಿತಾಗಲೂ ಅಷ್ಟೇ, ಹಲ್ಲಿಯೊಂದು ನೊಣ ಹಿಡಿಯುವುದನ್ನು ನೋಡುತ್ತಾ ಕುಳಿತುಬಿಡುತ್ತಾರೆ.