ಹಾಡಿಗಿಂತ ಮೊದಲು ಕೈತಾಳ

ಹೊರದೇಶದಲ್ಲಿ ಬೆಳೆಯುವ ಮಗುವಿಗೆ ಸಂಗೀತ ಕಲಿಸಬೇಕು ಎಂದಾಗ ಹೆತ್ತವರ ಕಣ್ಣ ಮುಂದೆ ಬರುವುದು ರಾಜ್ಯೋತ್ಸವದ ವೇದಿಕೆ, ಅದಕ್ಕೊಂದು ದೇವರನಾಮ. ಕೇಳಿಸಿ ಕೇಳಿಸಿ ಬಾಯಿಪಾಠ ಮಾಡಿಸುವುದೇನೂ ಕಷ್ಟವಲ್ಲ. ಆದರೆ ಹಾಗೆ ಕಲಿತ ಮಗು ಹಾಡಿನ ನಡುವೆ ತಪ್ಪಿದರೆ ಎಲ್ಲಿಂದ ಎತ್ತಿಕೊಳ್ಳಬೇಕೆಂದು ತಿಳಿಯದೆ ನಿಂತುಬಿಡುತ್ತದೆ. ಆದ್ದರಿಂದ ಹಾಡನ್ನು ತುಸು ತಡಮಾಡಿ, ಕೈಯಲ್ಲಿ ತಾಳ ಹಾಕುವುದನ್ನೇ ಮೊದಲ ಪಾಠ ಮಾಡಬೇಕು ಎನ್ನುತ್ತೇನೆ.

ಪುರಂದರದಾಸರು ಹಾಕಿಕೊಟ್ಟರೆಂದು ಪರಂಪರೆ ಹೇಳುವ ಸರಳೆ ವರಸೆಯನ್ನೇ ನೋಡಿ. ಆದಿತಾಳಕ್ಕೆ 8 ಅಕ್ಷರ: ಲಘುವಿಗೆ ಒಂದು ಪೆಟ್ಟು, ಕಿರುಬೆರಳಿನಿಂದ ಮೂರು ಎಣಿಕೆ, ಆಮೇಲೆ ಎರಡು ದ್ರುತ, ಒಂದೊಂದಕ್ಕೂ ಪೆಟ್ಟು ಮತ್ತು ಹುಸಿ. ಒಂದನೇ ಕಾಲದಲ್ಲಿ ‘ಸರಿಗಮ’ ಲಘುವಿನಲ್ಲಿ ಮುಗಿಯುತ್ತದೆ, ‘ಪದನಿಸ’ ದ್ರುತಗಳಿಗೆ ಬರುತ್ತದೆ. ಮಾಯಾಮಾಳವಗೌಳದಲ್ಲಿ ಈ ಎರಡು ಅರ್ಧಗಳ ಸ್ವರಗಳ ಅಂತರವೂ ಒಂದೇ. ಅಂದರೆ ರಾಗ ಎಲ್ಲಿ ಎರಡಾಗುತ್ತದೋ ಅಲ್ಲೇ ತಾಳವೂ ಎರಡಾಗುತ್ತದೆ. ಲಯ ಕಲಿಯುತ್ತಲೇ ಸ್ವರದ ಏರಿಳಿತವೂ ಕೈಗೆ ಬರುತ್ತದೆ. ಎರಡನೇ ಕಾಲಕ್ಕೆ ಬಂದರೆ ಇಡೀ ಆರೋಹಣ ಲಘುವಿನಲ್ಲೇ ಮುಗಿದು, ಅವರೋಹಣಕ್ಕೆ ದ್ರುತಗಳು ಉಳಿಯುತ್ತವೆ. ಕೈ ಬದಲಾಗಲಿಲ್ಲ, ಸ್ವರ ಇಮ್ಮಡಿಯಾಯಿತು. ಕಾಲ ಎಂದರೇನು ಎಂಬುದಕ್ಕೆ ಬೇರೆ ವಿವರಣೆ ಬೇಡ, ಅದರಲ್ಲೂ ಕನ್ನಡ ತೊದಲುವ ಮಗುವಿಗೆ.

ಇದೆಲ್ಲ ಯಾಂತ್ರಿಕ, ಭಾವ ಒಣಗುತ್ತದೆ ಎನ್ನುವವರಿದ್ದಾರೆ. ವರ್ಷಗಟ್ಟಲೆ ಸರಳೆಯಲ್ಲೇ ಕೂರಿಸಿದರೆ ಒಣಗುವುದು ನಿಜ, ಹಾಗೆ ಕೂರಿಸುವವರೂ ಇದ್ದಾರೆ. ಆದರೆ ಅದು ತಾಳದ ದೋಷವಲ್ಲ. ಮಲಹರಿಯ ಪಿಳ್ಳಾರಿ ಗೀತೆಗೆ ಬೇಕಾದ ರೂಪಕತಾಳದಲ್ಲಿ ಹೊಸದೇನಿದೆ? ಅದೇ ದ್ರುತ ಮೊದಲು, ಅದೇ ಲಘು ಆಮೇಲೆ, ಒಟ್ಟು 6 ಅಕ್ಷರ. ಹಾಡಿಗೆ ಬೇಗನೇ ದಾಟಬಹುದು. ಮೆಟ್ರೊನೋಮ್ ಆ್ಯಪ್ ಇರುವಾಗ ಕೈ ಏಕೆ ಎಂಬ ಪ್ರಶ್ನೆ ಇದಕ್ಕಿಂತ ಗಟ್ಟಿಯಾದದ್ದು. ಆ್ಯಪಿನ ಟಿಕ್‌ಟಿಕ್ ವೇಗವನ್ನು ಹಿಡಿದುಕೊಡುತ್ತದೆ, ಆವರ್ತದಲ್ಲಿ ನಾವು ಎಲ್ಲಿದ್ದೇವೆ ಎಂಬುದನ್ನು ಬೆರಳು ಹೇಳುತ್ತದೆ. ಆನ್‌ಲೈನ್ ಪಾಠದಲ್ಲಂತೂ ದನಿ ತಲುಪುವುದು ಚೂರು ತಡವಾಗುವುದರಿಂದ ಗುರುಶಿಷ್ಯರು ಒಟ್ಟಿಗೆ ಹಾಡುವಂತಿಲ್ಲ. ಮಗು ತನ್ನ ತಾಳ ತಾನೇ ಹಾಕಿಕೊಳ್ಳಬೇಕು, ಗುರುಗಳು ಆ ಕೈಯನ್ನು ಗಮನಿಸಬೇಕು. ಪೆಟ್ಟಿಗೆ ಬರಬೇಕಾದ ನಿಷಾದ ಹುಸಿಗೆ ಬಂದರೆ, ಅದಕ್ಕೂ ಮೊದಲೆಲ್ಲೋ ಒಂದು ಸ್ವರ ಎಳೆದುಹೋಗಿದೆ ಎಂದರ್ಥ. ‘ಪಂಚಮದ ಪೆಟ್ಟಿನಿಂದ ಇನ್ನೊಮ್ಮೆ ಹೇಳು ಪುಟ್ಟಾ’ ಎಂದರೆ ಎಲ್ಲಿಂದ ಶುರುಮಾಡಬೇಕೆಂದು ಅದಕ್ಕೆ ಗೊತ್ತಿರುತ್ತದೆ.