ಖಾಲಿ ಕೋಣೆಯ ಬಾಡಿಗೆ: ಲೆಕ್ಕ ಮುಚ್ಚಿಟ್ಟರೆ ನ್ಯಾಯವೆಲ್ಲಿ?

ಬೆಂಗಳೂರು: ಎರಡು ಮಲಗುವ ಕೋಣೆಗಳ ಬಾಡಿಗೆ ಮನೆ; ಒಂದು ಕೋಣೆ ಖಾಲಿ. ತಿಂಗಳ ಹೊರೆ ಇಳಿಯಲೆಂದು ಬಾಡಿಗೆದಾರರು ಅದನ್ನು ಮತ್ತೊಬ್ಬರಿಗೆ ಕೊಡುವುದು ರಾಜಧಾನಿಯಲ್ಲಿ ಸಾಮಾನ್ಯ ಸಂಗತಿ. ಕಲಬುರಗಿ, ಹುಬ್ಬಳ್ಳಿ, ಶಿವಮೊಗ್ಗಗಳಿಂದ ಕೆಲಸ ಅರಸಿ ಬರುವ ಎಷ್ಟೋ ಯುವಜನರಿಗೆ ಮೊದಲ ಸೂರು ದೊರೆಯುವುದು ಹೀಗೆಯೇ.

ಆದರೆ ಕೋಣೆ ಕೊಟ್ಟ ದಿನದಿಂದ ಮೂಲ ಬಾಡಿಗೆದಾರರ ಪಾತ್ರ ಎರಡಾಗುತ್ತದೆ. ಮಾಲೀಕರ ಮುಂದೆ ಅವರು ಬಾಡಿಗೆದಾರರು. ಹೊಸದಾಗಿ ಬಂದವರ ಮುಂದೆ ಬಹುಮಟ್ಟಿಗೆ ಅವರೇ ಮಾಲೀಕರು. ಈ ಎರಡನೆಯ ಪಾತ್ರದ ಹೊಣೆಯನ್ನು ಮರೆತಾಗ ಸ್ನೇಹದಲ್ಲಿ ಆರಂಭವಾದ ಸಹವಾಸ ಜಗಳದಲ್ಲಿ ಮುಗಿಯುತ್ತದೆ.

ಕಾನೂನು ಏನನ್ನುತ್ತದೆ?

2001ರ ಡಿಸೆಂಬರ್ 31ರಂದು ಜಾರಿಗೆ ಬಂದ 1999ರ ಕರ್ನಾಟಕ ಬಾಡಿಗೆ ಕಾಯ್ದೆಯ ಪ್ರಕಾರ, ಮಾಲೀಕರ ಲಿಖಿತ ಒಪ್ಪಿಗೆಯಿಲ್ಲದೆ ಮನೆಯನ್ನಾಗಲಿ ಅದರ ಭಾಗವನ್ನಾಗಲಿ ಒಳಬಾಡಿಗೆಗೆ ಕೊಟ್ಟರೆ ಅದೇ ಮನೆ ತೆರವಿಗೆ ಕಾರಣವಾಗಬಲ್ಲದು. ಆದರೆ ಬೆಂಗಳೂರಿನಂಥ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ಮನೆಗಳಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ. ಹೀಗಾಗಿ ಇಂದಿನ ಬಹುಪಾಲು ಮನೆಗಳು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ಕರಾರಿನಲ್ಲಿ ನಿಷೇಧವಿಲ್ಲದಿದ್ದರೆ ಒಳಬಾಡಿಗೆಗೆ ಅದು ಅವಕಾಶ ನೀಡುತ್ತದೆ. ಆದರೆ ರೂಢಿಯಲ್ಲಿರುವ ಹನ್ನೊಂದು ತಿಂಗಳ ಕರಾರು ಪತ್ರಗಳಲ್ಲಿ ‘ಒಳಬಾಡಿಗೆಗೆ ಕೊಡತಕ್ಕದ್ದಲ್ಲ’ ಎಂಬ ಷರತ್ತು ಸಾಮಾನ್ಯವಾಗಿ ಇದ್ದೇ ಇರುತ್ತದೆ.

ಷರತ್ತು ಮುರಿದುದಕ್ಕಾಗಿ ಮಾಲೀಕರು ಮನೆ ಬಿಡಿಸಿದರೆ, ಏನೂ ತಿಳಿಯದೆ ಬಂದವರೂ ಗಂಟುಮೂಟೆ ಕಟ್ಟಬೇಕಾಗುತ್ತದೆ. ಅವರ ಕೈಯಲ್ಲಿ ಮಾಲೀಕರ ಸಹಿಯಿರುವ ಒಂದು ಚೀಟಿಯೂ ಇರುವುದಿಲ್ಲ. ಆದ್ದರಿಂದ ಮಾಲೀಕರಿಗೆ ಮೊದಲೇ ತಿಳಿಸಿ ಒಪ್ಪಿಗೆ ಪಡೆಯುವುದು ಹೊಸಬರ ರಕ್ಷಣೆಗಾಗಿ ಮಾಡಬೇಕಾದ ಮೊದಲ ಕೆಲಸ.

ಹಂಚಿಕೆಯೋ, ವ್ಯಾಪಾರವೋ?

ಉದಾಹರಣೆಗೆ, ಮನೆಯ ಬಾಡಿಗೆ 24,000 ರೂಪಾಯಿ ಎಂದುಕೊಳ್ಳೋಣ. ಮೂಲ ಬಾಡಿಗೆದಾರರು ದೊಡ್ಡ ಕೋಣೆಯನ್ನು ತಾವಿಟ್ಟುಕೊಂಡು, ಚಿಕ್ಕದಕ್ಕೆ 15,000 ರೂಪಾಯಿ ಕೇಳುತ್ತಾರೆ. ಒಟ್ಟು ಬಾಡಿಗೆ ಎಷ್ಟೆಂದು ಹೇಳುವುದಿಲ್ಲ. ಹೊಸಬರು ‘ಅರ್ಧರ್ಧ ಹಂಚಿಕೊಂಡಿದ್ದೇವೆ’ ಎಂದೇ ನಂಬುತ್ತಾರೆ. ವಾಸ್ತವವಾಗಿ ಮೂಲ ಬಾಡಿಗೆದಾರರು ಕೊಡುತ್ತಿರುವುದು 9,000 ಮಾತ್ರ.

ಮೂಲ ಬಾಡಿಗೆದಾರರ ಪರವಾಗಿಯೂ ವಾದವಿದೆ. ಬ್ರೋಕರ್‌ಗೆ ಹಣ ತೆತ್ತವರು ಅವರು. ಫ್ರಿಜ್, ವಾಷಿಂಗ್ ಮಷಿನ್, ಮಂಚಗಳನ್ನು ಕೊಂಡವರೂ ಅವರೇ. ಕೋಣೆ ಖಾಲಿಯಿದ್ದ ತಿಂಗಳಲ್ಲಿ ಪೂರ್ತಿ ಬಾಡಿಗೆ ಅವರ ತಲೆಯ ಮೇಲೆಯೇ ಬೀಳುತ್ತದೆ. ಇವುಗಳಿಗೆ ತಕ್ಕಷ್ಟು ಹೆಚ್ಚು ಕೇಳುವುದು ತಪ್ಪಲ್ಲ. ಅದನ್ನು ಬಚ್ಚಿಡುವುದು ತಪ್ಪು. ಅರ್ಧರ್ಧವೇ ನ್ಯಾಯವೆಂದೂ ಅಲ್ಲ. ಸ್ವಂತ ಸ್ನಾನಗೃಹವಿರುವ ದೊಡ್ಡ ಕೋಣೆಯವರು 13,500, ಚಿಕ್ಕ ಕೋಣೆಯವರು 10,500 ಕೊಡುವುದು ಹೆಚ್ಚು ಸಮಂಜಸವಾದೀತು. ಮೂಲ ಕರಾರು ಪತ್ರವನ್ನು ಹೊಸಬರ ಮುಂದೆ ಸಂಕೋಚವಿಲ್ಲದೆ ತೋರಿಸಲು ಸಾಧ್ಯವೇ ಎಂಬುದೇ ಇಲ್ಲಿ ಸರಳ ಪರೀಕ್ಷೆ.

ಮುಂಗಡ ಹಣ ಯಾರ ಹೊಣೆ?

ಅತಿ ಹೆಚ್ಚು ಮನಸ್ತಾಪ ಹುಟ್ಟುವುದು ಅಡ್ವಾನ್ಸ್ ವಿಷಯದಲ್ಲಿ. ಮಾಲೀಕರ ಬಳಿಯಿರುವ 1,20,000 ರೂಪಾಯಿ ಮುಂಗಡದಲ್ಲಿ ಹೊಸಬರ ಪಾಲು 60,000 ಎಂದಿಟ್ಟುಕೊಳ್ಳಿ. ಆರು ತಿಂಗಳ ನಂತರ ಅವರು ಹೊರಟರೆ ಮಾಲೀಕರು ಹಣ ಕೊಡುವುದಿಲ್ಲ; ಮನೆ ಇನ್ನೂ ತೆರವಾಗಿರುವುದಿಲ್ಲವಲ್ಲ. ಆಗ ಮೂಲ ಬಾಡಿಗೆದಾರರೇ ಕೈಯಿಂದ ಕೊಡಬೇಕು. ‘ಇನ್ನೊಬ್ಬರು ಬಂದ ಮೇಲೆ ಕೊಡುತ್ತೇನೆ’ ಎನ್ನುವುದು ತನ್ನ ನಷ್ಟದ ಭಯವನ್ನು ಹೊರಡುವವರ ಮೇಲೆ ಹೊರಿಸಿದಂತೆ. ಹೊಸ ಊರಿನಲ್ಲಿ ಮತ್ತೊಂದು ಮನೆಗೆ ಮುಂಗಡ ಹೊಂದಿಸಬೇಕಾದವರಿಗೆ ಆ 60,000 ರೂಪಾಯಿ ಸಣ್ಣ ಮೊತ್ತವಲ್ಲ. ಬಣ್ಣ ಬಳಿಸಲು ಮಾಲೀಕರು ಮುರಿದುಕೊಳ್ಳುವ ಹಣವನ್ನು ಸಹ ಇದ್ದಷ್ಟು ಕಾಲಕ್ಕೆ ತಕ್ಕಂತೆ ಹಂಚಬೇಕೇ ಹೊರತು ಕೊನೆಗೆ ಹೊರಡುವವರಿಗೆ ಕಟ್ಟಬಾರದು.

ಕೇಂದ್ರ ಸಂಪುಟ 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯು ವಸತಿ ಮನೆಗಳ ಮುಂಗಡಕ್ಕೆ ಎರಡು ತಿಂಗಳ ಬಾಡಿಗೆಯ ಮಿತಿ ಹಾಕಿದೆ. ಒಳಬಾಡಿಗೆಗೆ ಪೂರಕ ಕರಾರು ಬೇಕೆಂದೂ ಹೇಳಿದೆ. ಆದರೆ ಅದು ಮಾದರಿ ಮಾತ್ರ; ರಾಜ್ಯಗಳು ಅಳವಡಿಸಿಕೊಂಡರಷ್ಟೇ ಅನ್ವಯ.

ಕೇಳಬಹುದಾದ ಪ್ರಶ್ನೆ, ಕೇಳಬಾರದ ಪ್ರಶ್ನೆ

ಒಂದೇ ಅಡುಗೆಮನೆ ಬಳಸುವವರು ಪರಸ್ಪರರ ಅಭ್ಯಾಸಗಳನ್ನು ವಿಚಾರಿಸುವುದು ಸಹಜ. ರಾತ್ರಿ ಪಾಳಿಯೇ, ಧೂಮಪಾನವಿದೆಯೇ, ಮಾಂಸಾಹಾರ ಬೇಯಿಸಬಹುದೇ, ನೆಂಟರು ಉಳಿಯಬಹುದೇ ಎಂಬುದನ್ನೆಲ್ಲ ಹಣ ಪಡೆಯುವ ಮೊದಲೇ ಮಾತಾಡಿಕೊಳ್ಳಬೇಕು. ಸಾಮಾನು ತಂದಿಳಿಸಿದ ಮೇಲೆ ನಿಯಮ ಹೇರುವುದು ಮೋಸಕ್ಕೆ ಸಮ. ಆದರೆ ‘ನೀವು ಯಾವ ಜನ?’ ಎಂಬ ಪ್ರಶ್ನೆಗೂ ಪಾತ್ರೆ ತೊಳೆಯುವ ಸರದಿಗೂ ಸಂಬಂಧವಿಲ್ಲ. ಖಾಸಗಿ ಮನೆಯೊಳಗಿನ ಈ ಆಯ್ಕೆಯನ್ನು ಕಾನೂನು ತಡೆಯಲಾರದಿರಬಹುದು. ಅಷ್ಟರಿಂದ ಅದು ನ್ಯಾಯವೆನಿಸುವುದಿಲ್ಲ.

ಇಷ್ಟಕ್ಕೆಲ್ಲ ಬೇಕಾಗುವುದು ಒಂದು ಪುಟದ ಬರಹ. ಒಟ್ಟು ಬಾಡಿಗೆ, ಪ್ರತಿಯೊಬ್ಬರ ಪಾಲು, ವಿದ್ಯುತ್ ಮತ್ತು ನೀರಿನ ಬಿಲ್ಲಿನ ಹಂಚಿಕೆ, ಮುಂಗಡ ಮರಳಿಸುವ ದಿನ, ಮನೆ ಬಿಡಲು ಒಂದು ತಿಂಗಳ ಸೂಚನೆ ಇವಿಷ್ಟನ್ನು ಬರೆದು ಇಬ್ಬರೂ ಸಹಿ ಹಾಕಬೇಕು. ಸ್ನೇಹಿತರ ನಡುವೆ ಕಾಗದವೇಕೆ ಎನ್ನುವವರುಂಟು. ಸ್ನೇಹ ಉಳಿಯಬೇಕೆಂಬ ಆಸೆಯಿದ್ದಲ್ಲಿಯೇ ಆ ಕಾಗದದ ಅಗತ್ಯ ಹೆಚ್ಚು.